ತುಂಬಿದ್ದನ್ನು ಅಲ್ಲೇ ತೋರಿಸುವ ಕ್ಯಾಮೆರಾ

ಮಾವನ ಷರತ್ತು ಒಂದೇ. ಕ್ಯಾಮೆರಾ ಹಳೆಯದಿರಲಿ, ಹೊಸದಿರಲಿ, ತೆಗೆದದ್ದನ್ನು ಅದೇ ಜಾಗದಲ್ಲಿ, ಜನ ಮನೆಗೆ ಹೋಗುವ ಮೊದಲೇ ಟಿವಿಯಲ್ಲಿ ತೋರಿಸಬೇಕು. ಅಂಥದ್ದು ಸಿಕ್ಕರೆ ಅರ್ಧ ರೊಕ್ಕ ಅವನದು. ಸಿಗದಿದ್ದರೆ ನಾನು ಹಾವೇರಿಯ ಸ್ಟುಡಿಯೋದವನ ಹಿಂದೆ ಮದುವೆಯಿಂದ ಮದುವೆಗೆ ಲೈಟು ಹಿಡಿದುಕೊಂಡೇ ಮುದುಕನಾಗಬಹುದು.

ಮಾವ ಅಂದರೆ ನನ್ನ ಅಕ್ಕನ ಗಂಡ. ಮೇಡ್ಲೇರಿಯಲ್ಲಿ ಹೊಳೆ ನೀರು ಹತ್ತುವ ಹೊಲ ಅವನದು. ಪೀಕಿನ ಬಗ್ಗೆ ಕೇಳಿದರೆ ಎರಡು ಮಾತು ಹೇಳುತ್ತಿದ್ದ. ಹೋರಿಯ ಬಗ್ಗೆ ಕೇಳಿದರೆ ನೀವು ಊಟದ ಹೊತ್ತಿಗೆ ಮನೆ ಮುಟ್ಟುವ ಆಸೆ ಬಿಡಬೇಕು.

ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹೋರಿ ಬೆದರಿಸುತ್ತಾರೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹೋರಿಗೆ ಕೊಬ್ಬರಿ ಬಟ್ಟಲುಗಳ ಹಾರ ಕಟ್ಟುತ್ತಾರೆ. ಕೊಂಬಿಗೆ ರಿಬ್ಬನ್ನು, ಬಲೂನು. ಮೈಮೇಲೆ ಬಣ್ಣದ ಜೂಲು. ಆಮೇಲೆ ಜನ ನಿಂತ ಓಣಿಯಲ್ಲಿ ಬಿಡುತ್ತಾರೆ. ಎರಡೂ ಕಡೆಯಿಂದ ಹುಡುಗರು ಕೊಬ್ಬರಿ ಹರಿಯಲು ಮೈಮೇಲೆ ಬೀಳುತ್ತಾರೆ. ಹರಿಯಗೊಡದೆ ಆ ತುದಿ ಮುಟ್ಟಿದರೆ ಹೋರಿ ಗೆದ್ದಂತೆ. ಗೆದ್ದ ಹೋರಿಯ ಮಾಲೀಕ ಮುಂದಿನ ದೀಪಾವಳಿಯವರೆಗೆ ಯಾರ ಮಾತನ್ನೂ ಕೇಳುವುದಿಲ್ಲ.

ಮಾವನ ಕರಿ ಹೋರಿ ಏಳೆಂಟು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಆದರೆ ಸಾಕ್ಷಿ ಎಲ್ಲಿ? ರಾಣೆಬೆನ್ನೂರಿನ ದನದ ಸಂತೆಯಲ್ಲಿ ಅವನು ಬಾಯಿ ತೆಗೆದರೆ ಒಬ್ಬ, "ಯಾವಾಗ ಓಡಿತ್ರೀ ಅದು? ನಾವು ಕಣ್ಣು ಮುಚ್ಚಿದ್ವೇನ?" ಎನ್ನುತ್ತಿದ್ದ. ಬ್ಯಾಡಗಿಯವರಂತೂ ಒಂದು ಹೆಜ್ಜೆ ಮುಂದೆ. "ಹಾರದ ದಾರದಾಗ ತಂತಿ ಸೇರಿಸಿ ಕಟ್ಟತಾನ್ರೀ ಇಂವ. ನಮ್ಮ ಹುಡುಗೂರ ಕೈಬಳ್ಳು ಕೊಯ್ದಾವ."

ಈ ಸಲ ಹೋರಿಯ ಮುಂಗಾಲಿನ ಮೊಣಕಾಲು ಬಾತಿತ್ತು. ಅಕ್ಕ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಿದ್ದಳು.

"ಇದ ಕಡೀ ವರ್ಷ. ಮುಂದಿನ ಸಲ ಓಡಸ್ತೀನಿ ಅಂದ್ರ ಕೊಬ್ಬರಿ ಹಾರ ನಿಮಗ ಕಟ್ಟಿ ನಾನ ಪಟಾಕಿ ಹಚ್ಚತೀನಿ."

ಆದ್ದರಿಂದ ಮಾವನಿಗೆ ಈ ಕೊನೆಯ ಓಟ ಬೇಕಾಗಿತ್ತು. ಬ್ಯಾಡಗಿಯ ಅಖಾಡದಲ್ಲೇ, ತಂತಿ ಎಂದವರ ಮುಂದೆಯೇ, ಹೋರಿಯ ಮೈಯ ಬೆವರು ಆರುವ ಮೊದಲೇ. ನನಗೆ ಬೇಕಾಗಿದ್ದದ್ದು ಕ್ಯಾಮೆರಾ. ನಾನು ಏಳನೆಯ ಇಯತ್ತೆಯಲ್ಲಿ ಎರಡು ಸಲ ಕುಳಿತು, ಬೆಂಚಿಗೂ ನನಗೂ ಬೇಸರ ಬಂದು ಎದ್ದು ಬಂದವನು. ಗೊತ್ತಿದ್ದದ್ದು ಈ ಕೆಲಸ ಒಂದೇ. ಅದರಲ್ಲೂ ಲೈಟು ಹಿಡಿಯುವ ಭಾಗ.

ಮೊದಲು ನಮ್ಮ ಸ್ಟುಡಿಯೋದವನನ್ನೇ ಕೇಳಿದೆವು. ಅವನ ಬಳಿ ಮಾರಲಿಕ್ಕೆ ಒಂದು ಹಳೆಯ ಜೋಡಿ ಇತ್ತು. ಕ್ಯಾಮೆರಾ ಬೇರೆ, ಕ್ಯಾಸೆಟ್ಟು ತಿರುಗುವ ಡಬ್ಬಿ ಬೇರೆ, ನಡುವೆ ದಪ್ಪ ಕೇಬಲ್ಲು. ಕ್ಯಾಮೆರಾ ಒಂದು ಹೆಗಲಿಗೆ, ಡಬ್ಬಿ ಇನ್ನೊಂದು ಹೆಗಲಿಗೆ. ತೆಗೆದದ್ದನ್ನು ತೋರಿಸುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಅದರ ಬ್ಯಾಟರಿ ಸತ್ತು ಯಾವುದೋ ಕಾಲವಾಗಿತ್ತು. ಗೋಡೆಯ ಪ್ಲಗ್ಗಿನಿಂದ ವೈರು ಎಳೆದರೆ ಮಾತ್ರ ಜೀವ.

ಮಾವ ಎರಡನ್ನೂ ಹೆಗಲಿಗೆ ಹಾಕಿಕೊಂಡು ಸ್ಟುಡಿಯೋದೊಳಗೆ ಒಂದು ಸುತ್ತು ಬಂದ. ವೈರು ಮುಗಿದಲ್ಲಿ ನಿಂತ.

"ಹೋರಿ ಬಂತಂದ್ರ ನಾವು ಓಡಬೇಕ, ವೈರ ಓಡಬೇಕ?"

"ಉದ್ದ ವೈರ ಹಾಕ್ರಿ," ಎಂದ ಸ್ಟುಡಿಯೋದವನು.

"ಗೂಟಕ್ಕ ಕಟ್ಟಿದ ಎಮ್ಮಿ ಆಕ್ಕೇತಿ ಇಂವ. ಇದರ ಬದ್ಲಿ ಇಂವಗ ನೊಗಾನ ಹೊರಸಿದ್ರ ಹೊಲಾನರ ಹರಗತಿದ್ದ," ಎಂದು ನನ್ನನ್ನು ತೋರಿಸಿದ. ಸ್ಟುಡಿಯೋದವನು ನಕ್ಕ. ನಾನು ನಗಲಿಲ್ಲ. ಮದುವೆಗಳಲ್ಲಿ ಆ ಡಬ್ಬಿಯನ್ನು ಹೊತ್ತು ಹೊತ್ತೇ ನನ್ನ ಬಲ ಹೆಗಲು ಇವತ್ತಿಗೂ ಸ್ವಲ್ಪ ಕೆಳಗಿದೆ.

ಎರಡನೆಯದು ರಾಣೆಬೆನ್ನೂರಿನಲ್ಲಿ ಸಿಕ್ಕಿತು. ಸೌದಿಯಲ್ಲಿ ಲಾರಿ ನಡೆಸಿ ಬಂದವನೊಬ್ಬ ಮಸೀದಿಯ ಹಿಂದಿನ ಓಣಿಯಲ್ಲಿದ್ದ. ಅವನು ತಂದ ಕ್ಯಾಮೆರಾ ನೋಡಿದಾಗ ನನ್ನ ಜೀವ ಒಮ್ಮೆ ನಿಂತಿತು. ಒಂದೇ ತುಂಡು. ಕ್ಯಾಸೆಟ್ಟು ಅದರ ಹೊಟ್ಟೆಯೊಳಗೇ. ಡಬ್ಬಿ ಇಲ್ಲ, ಕೇಬಲ್ಲು ಇಲ್ಲ, ಹೆಗಲಿಗಿಟ್ಟರೆ ಪಾರಿವಾಳ ಕುಳಿತಂತೆ. ಅವನು ತನ್ನ ಅಟ್ಟದ ಮೇಲಿನ ವಿಸಿಆರ್‌ನಲ್ಲಿ ಮಗಳ ಹುಟ್ಟುಹಬ್ಬ ತೋರಿಸಿದ. ಚಿತ್ರ ಎಷ್ಟು ಸ್ವಚ್ಛವೆಂದರೆ ಕೇಕಿನ ಮೇಲೆ ಕುಳಿತ ನೊಣದ ಕಾಲು ಎಣಿಸಬಹುದಿತ್ತು. ಹೇಳಿದ ರೇಟೂ ನಮ್ಮ ಕೈಗೆ ಎಟಕುವಂಥದ್ದು. ನಾನು ಮಾವನ ಅಂಗಿ ಜಗ್ಗಿದೆ.

ಮಾವ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿದ. ಸಂತೆಯಲ್ಲಿ ಎತ್ತಿನ ಸುಳಿ ಹುಡುಕುವವರ ಹಾಗೆ ಕೆಳಗೆ ಮೇಲೆ ಕೈಯಾಡಿಸಿದ.

"ತೋರಸೂ ಗುಂಡಿ ಎಲ್ಲೈತಿ?"

ಮನೆಯವನು ಪ್ರಾಮಾಣಿಕ. "ಇದ್ರಾಗ ತೋರಸೂ ಗುಂಡಿ ಇಲ್ಲ ಭಾಯ್. ಇದು ಬರೇ ಕ್ಯಾಸೆಟ್ಟಿಗೆ ಚಿತ್ರ ತುಂಬತೈತಿ. ನೋಡಬೇಕಂದ್ರ ಕ್ಯಾಸೆಟ್ ತಗದು ಆ ಮಷೀನಿಗೆ ಹಾಕಬೇಕು. ಇದರ ಕ್ಯಾಸೆಟ್ಟೂ ಸಣ್ಣದು, ಇಲ್ಲಿ ವಿಸಿಆರ್‌ಗೆ ಕೂಡೂದಿಲ್ಲ. ನಮ್ಮನ್ಯಾಗಿಂದಕ್ಕ ಅಷ್ಟ."

"ಉಂಡಿದ್ದು ಇವತ್ತು, ರುಚಿ ನಾಳೆ ಗೊತ್ತಾಗತೈತಿ ಅಂದಂಗಾತು," ಎಂದ ಮಾವ. "ಬ್ಯಾಡಗಿ ಮಂದೀನೆಲ್ಲಾ ಲಾರ್‍ಯಾಗ ತುಂಬಕೊಂಡು ನಿಮ್ಮ ಮನೀಗೆ ಬರಬೇಕಾತು."

ಒಳಗಿನಿಂದ ಅವನ ಮುದುಕಿ ತಾಯಿ, "ಬರಲಿ ಬಿಡಪಾ, ಛಾ ಮಾಡೂಣು," ಎಂದಳು. ಅದು ತಮಾಷೆಯಲ್ಲ, ಖರೆಯಾಗಿಯೇ ಹೇಳಿದ್ದು. ನಮಗೂ ಕೂಡಲೇ ಬಂತು, ಜೊತೆಗೆ ಶಿರಾ.

ಹೊರಗೆ ಬಂದು ನಾವು ಅಲ್ಲೇ ಮೂಲೆಯಲ್ಲಿ ಜಗಳಕ್ಕೆ ನಿಂತೆವು.

"ಮಾವ, ಚಿತ್ರ ನೋಡಿದೇನು? ಓಟ ತುಂಬಿದ್ರ ಸಾಕಲ್ಲ. ಮರುದಿನ ಒಬ್ಬೊಬ್ಬರನ್ನ ಕರದು ತೋರಸೂಣು."

"ಮರುದಿನ ಯಾರು ಬರತಾರಲೇ? ಬಂದ್ರೂ ಮತ್ತೊಂದು ಹೇಳತಾರ. ಇದು ಹ್ವಾದ ವರ್ಷದ್ದು, ಇದು ಬ್ಯಾರೇ ಹೋರಿ, ಇದು ಸಿನಿಮಾದ್ದು ಅಂತಾರ. ಅಲ್ಲೇ ಹಿಡದು ಮಾರಿ ಮುಂದ ಹಾಕಬೇಕು. ಹಿಂಗ!" ಎಂದು ಅಂಗೈಯನ್ನು ನನ್ನ ಮೂಗಿನವರೆಗೆ ತಂದ. ಅಂಗೈಗೆ ಶಿರಾದ ತುಪ್ಪದ ವಾಸನೆ ಇತ್ತು.

ಅರ್ಧ ರೊಕ್ಕ ಅವನದು. ವಾದ ಪೂರಾ ಅವನದು.

ಮೂರನೆಯದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ದಲಾಲಿ ಅಂಗಡಿಯ ಮಗನ ಬಳಿ. ಮದುವೆಗೆಂದು ಮುಂಬೈಯಿಂದ ತರಿಸಿದ್ದ. ಮದುವೆ ಮುಗಿದ ಮೇಲೆ ಹೆಂಡತಿ, "ನನ್ನ ಮುಂದ ಅದನ್ನ ಹಿಡೀಬ್ಯಾಡ್ರಿ," ಎಂದಳಂತೆ. ಅಂದಿನಿಂದ ಅದು ಅಂಗಡಿಯ ಕಪಾಟಿನಲ್ಲಿತ್ತು. ದೊಡ್ಡ ಕ್ಯಾಸೆಟ್ಟು, ಎಲ್ಲ ಕಡೆ ಸಿಗುವಂಥದ್ದು. ಹೆಗಲ ಮೇಲೆ ಕೂರುವಂಥದ್ದು, ಭಾರ ಇತ್ತು, ಆದರೆ ಮನುಷ್ಯ ಹೊರಬಹುದಾದ ಭಾರ. ಬ್ಯಾಟರಿಗೂ ಜೀವ ಇತ್ತು. ಮುಖ್ಯವಾಗಿ, ಒಂದು ಗುಂಡಿ ಒತ್ತಿದರೆ ಹಿಂದೆ ಸುತ್ತಿ, ಕಣ್ಣಿಟ್ಟು ನೋಡುವ ಕೊಳವೆಯಲ್ಲೇ ತೋರಿಸುತ್ತಿತ್ತು. ವೈರು ಚುಚ್ಚಿದರೆ ಟಿವಿಯಲ್ಲೂ. ಚಿತ್ರದ ಕೆಳಗೆ ಒಂದು ಬಿಳಿ ಗೆರೆ ನಡುಗುತ್ತಿತ್ತು, ಬಣ್ಣ ತುಸು ತೊಳೆದಂತಿತ್ತು. ರಾಣೆಬೆನ್ನೂರಿನ ಚಿತ್ರದ ಮುಂದೆ ಇದು ಮಾಸಿದ ಲುಂಗಿ.

ದಲಾಲಿಯ ಮಗ ಅಂಗಡಿಯ ಮುಂದೆ ನಡೆಯುತ್ತಿದ್ದ ಮಾವನನ್ನು ತೆಗೆದು, ಹಿಂದೆ ಸುತ್ತಿ, ಕೊಳವೆಗೆ ಕಣ್ಣಿಡಲು ಹೇಳಿದ. ಮಾವ ಕಣ್ಣಿಟ್ಟ. ಬಹಳ ಹೊತ್ತು ಎತ್ತಲಿಲ್ಲ.

"ನಾ ಹಿಂಗ ನಡೀತೀನಿ?"

"ಹೂಂ."

"ಯಾರೂ ಹೇಳಲೇ ಇಲ್ಲಲ್ಲ!" ಎಂದು ಮತ್ತೆ ನೋಡಿದ. "ಬಾತುಕೋಳಿ ನಡದಂಗ ನಡೀತೀನಲ್ಲೋ."

ಆದರೂ ಮುಖ ಅರಳಿತ್ತು. ಎರಡು ನಿಮಿಷದ ಹಿಂದಿನ ತನ್ನನ್ನು ತಾನು ನೋಡಿದ್ದ. ಕ್ಯಾಮೆರಾ ಅಲ್ಲೇ ಮಾರಾಟವಾಗಿತ್ತು, ವ್ಯಾಪಾರ ಮಾತ್ರ ಬಾಕಿ.

ವ್ಯಾಪಾರವನ್ನು ಮಾವ ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದ. ಹೆಗಲ ಟವೆಲ್ಲು ತೆಗೆದು ದಲಾಲಿಯ ಮಗನ ಕೈಮೇಲೆ ಹೊದಿಸಿ, ಒಳಗೆ ತನ್ನ ಕೈ ಹಾಕಿದ. ಎತ್ತಿನ ಸಂತೆಯಲ್ಲೂ ಹೀಗೇ, ಮೆಣಸಿನಕಾಯಿ ಅಡತಿಯಲ್ಲೂ ಹಿಂದೆ ಹೀಗೇ ಇತ್ತಂತೆ. ಯಾವ ಬೆರಳು ಹಿಡಿದರೆ ಎಷ್ಟು ಎಂದು ಆ ಇಬ್ಬರಿಗೆ ಮಾತ್ರ ಗೊತ್ತು, ನೋಡುವವನಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ವಿದೇಶಿ ಕ್ಯಾಮೆರಾ ಮೇಜಿನ ಮೇಲೆ ಎತ್ತಿನ ಹಾಗೆ ನಿಂತಿತ್ತು. ಸುತ್ತ ಹಮಾಲರು ಸೀನುತ್ತ ನೋಡುತ್ತಿದ್ದರು.

"ಏನ್ರೀ ಇದು? ಬಾಯಿಲೆ ಹೇಳ್ರಿ, ಲಗೂ ಮುಗೀತೈತಿ," ಎಂದೆ.

"ನೀ ಸುಮ್ಮನಿರಲೇ," ಎಂದು ಇಬ್ಬರೂ ಒಟ್ಟಿಗೆ ಬೈದರು.

ಕೊನೆಗೆ ಟವೆಲ್ಲು ನಿಂತಿತು. ಎಷ್ಟಕ್ಕೆ ಮುಗಿಯಿತೆಂದು ಮಾವ ಹೇಳಲಿಲ್ಲ. ನನ್ನ ಪಾಲು ಎಷ್ಟೆಂದು ಮಾತ್ರ ಹೇಳಿದ. ಅದು ಅರ್ಧಕ್ಕಿಂತ ಜಾಸ್ತಿ ಇತ್ತೆಂದು ನನಗೆ ಇವತ್ತಿಗೂ ಅನುಮಾನ.

ಹಬ್ಬದ ದಿನ ಕರಿ ಹೋರಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬ್ಯಾಡಗಿಗೆ ಬಂತು. ಅದರ ಜೊತೆಗೆ ಮಾವ, ಹಗ್ಗ ಹಿಡಿಯಲು ಅವನ ತಮ್ಮ, ಅಕ್ಕ, ನಾನು, ಕ್ಯಾಮೆರಾ. ಕ್ಯಾಮೆರಾಕ್ಕೆ ಕುಳಿತುಕೊಳ್ಳಲು ಹುಲ್ಲಿನ ಮೇಲೆ ರಗ್ಗು ಹಾಸಿದ್ದರು. ನನಗೆ ಏನೂ ಹಾಸಿರಲಿಲ್ಲ.

ಅಖಾಡ ಎಂದರೆ ಎರಡು ಸಾಲು ಬಿದಿರು ಕಟ್ಟಿದ ಉದ್ದ ಓಣಿ. ಅದರ ನಡುಮಧ್ಯ ಒಂದು ಪಕ್ಕಕ್ಕೆ ಗೋದಾಮಿನ ಕಟ್ಟೆ. ಅಲ್ಲಿ ಕರೆಂಟಿತ್ತು. ನಮ್ಮ ಕ್ಯಾಮೆರಾದ ಸುದ್ದಿ ಕೇಳಿ ಹಬ್ಬದ ಕಮಿಟಿಯವರು ಯಾರದೋ ಮನೆಯ ಟಿವಿ ತಂದು ಅದರ ಮೇಲಿಟ್ಟಿದ್ದರು. ಈ ಸಲ ಜಗಳವಾದರೆ ವಿಡಿಯೋ ನೋಡಿ ತೀರ್ಪು ಎಂದು ಮೈಕಿನವನು ಬೆಳಿಗ್ಗೆಯಿಂದ ಕೂಗಿ ಗಂಟಲು ಹರಿದುಕೊಂಡಿದ್ದ. ಹೆಂಗಸರು ಎದುರು ಬದಿಯಲ್ಲಿ ಟ್ರೇಲರುಗಳ ಮೇಲೆ ಹತ್ತಿ ಕುಳಿತಿದ್ದರು. ಅಕ್ಕನೂ ಅಲ್ಲೇ. ಕಟ್ಟೆಯ ಟಿವಿ ನೋಡುವವರ ಬೆನ್ನು ಮಾತ್ರ ಅವರಿಗೆ ಕಾಣುತ್ತಿತ್ತು.

ನಾನು ಕಟ್ಟೆಯ ಮೇಲೆ ನಿಂತು ಹೋರಿಗಳನ್ನು ತೆಗೆಯತೊಡಗಿದೆ. ಚೆನ್ನಾಗಿಯೇ ನಡೆದಿತ್ತು. ಕರಿ ಹೋರಿಯ ಸರದಿಗೆ ಒಂದೇ ಬಾಕಿ. ಅದಕ್ಕಿಂತ ಮೊದಲು ಹಾವೇರಿ ಕಡೆಯ ಒಂದು ಬಿಳಿ ಹೋರಿ ಬಂತು. ಗುಂಪು ಅದರ ಮೇಲೆ ಬಿತ್ತು. ಧೂಳು ಎದ್ದಿತು. ಧೂಳು ಇಳಿದಾಗ ಒಬ್ಬನ ಕೈಯಲ್ಲಿ ಕೊಬ್ಬರಿ ಬಟ್ಟಲಿತ್ತು.

"ಹರದೆ! ಹರದೆ!" ಎಂದು ಅವನು ಕುಣಿದ.

"ಎಲ್ಲಿ ಹರದಿ? ಬಿದಿರಿಗೆ ಸಿಕ್ಕು ಕೆಳಗ ಬಿತ್ತು, ನೀ ಆರಿಸ್ಕೊಂಡಿ!" ಎಂದ ಬಿಳಿ ಹೋರಿಯವನು.

"ನಾ ಏನ ಕೊಬ್ಬರಿ ಆರಸಾಕ ಬಂದೇನೇನ? ಕಿರಾಣಿ ಅಂಗಡ್ಯಾಗ ಸಿಗೂದಿಲ್ಲೇನ ನಮಗ?"

"ವಿಡಿಯೋ ಹಾಕ್ರೀ!" ಎಂದು ಮೈಕು ಅರಚಿತು.

ಅದಕ್ಕೇ ಅಲ್ಲವೇ ಇದನ್ನು ತಂದದ್ದು? ನಾನು ಹಿಂದೆ ಸುತ್ತಿದೆ, ಟಿವಿಗೆ ವೈರು ಚುಚ್ಚಿದೆ. ಜನ ಬಿದಿರು ಹಾರಿ ಬಂದರು. ಓಣಿಯ ಎರಡೂ ಬದಿಯವರು, ಹೋರಿ ಹಿಡಿಯುವ ಹುಡುಗರು, ಕಮಿಟಿಯವರು, ಐಸ್‌ಕ್ಯಾಂಡಿಯವನು. ಟಿವಿಯಲ್ಲಿ ತಮ್ಮ ಓಣಿ ಕಂಡು ಒಂದು ಓ ಎನ್ನುವ ಸದ್ದು ಎದ್ದಿತು. ಬಿಳಿ ಹೋರಿ ಬಂತು, ಧೂಳು ಎದ್ದಿತು, ಕೊಬ್ಬರಿ ಹೋಯಿತು. ಎಲ್ಲಿ ಹೋಯಿತೆಂದು ಯಾರಿಗೂ ಕಾಣಲಿಲ್ಲ.

"ಇನ್ನೊಮ್ಮೆ ಹಾಕು!"

ಹಾಕಿದೆ.

"ಅಲ್ಲಿ ನಿಂದ್ರಸು. ನಿಂದ್ರಸು ಅಂದ್ರ ಮುಂದ ಹ್ವಾದಿ! ಹಿಂದ ಹಾಕು."

"ಏ, ಅಲ್ಲಿ ನಾ ಅದೇನಿ ನೋಡ್ರಲೇ! ಕೆಂಪ ಅಂಗಿ!"

"ನಿನ್ನ ಅಂಗಿ ತಗೊಂಡ ಏನ ಮಾಡೂದೈತಿ, ಹೋರಿ ನೋಡು."

"ಹೋರಿ ನೋಡಿನಿ. ಇನ್ನೊಮ್ಮೆ ನನ್ನ ತೋರಸಂತ ಹೇಳ್ರಿ ಇಂವಗ."

ನಿಲ್ಲಿಸಿದರೆ ಆ ಬಿಳಿ ಗೆರೆ ಸರಿಯಾಗಿ ಕೊಬ್ಬರಿಯ ಮೇಲೆ ಬಂದು ನಡುಗುತ್ತಿತ್ತು. ಎಲ್ಲರಿಗಿಂತ ಮುಂದೆ, ಟಿವಿಗೆ ಮೂಗು ಹಚ್ಚಿ ನಿಂತವನು ಮಾವ. ಬಿಳಿ ಹೋರಿ ಸೋತಿತೆಂದು ಸಾಧಿಸಲೇಬೇಕೆಂದು ಅವನ ಹಟ. "ಕೈ ಕಾಣತೈತಿ ನೋಡ್ರಿ, ಕೈ! ಇದು ಕೈ ಅಲ್ಲದ ಏನಿದು, ಬಿದಿರಿಗೆ ಬಳ್ಳು ಇರತಾವೇನ?" ಎಂದು ಗಾಜಿನ ಮೇಲೆ ಕುಟ್ಟುತ್ತಿದ್ದ. ಟಿವಿಯ ಮಾಲೀಕ ಅವನ ಕೈ ಹಿಡಿದು ಎಳೆಯುತ್ತಿದ್ದ. ನಾನು ಹಿಂದೆ ಮುಂದೆ, ಹಿಂದೆ ಮುಂದೆ ಸುತ್ತುತ್ತಿದ್ದೆ. ಮೈಕಿನವನೂ ಮೈಕು ಅಲ್ಲೇ ಬಿಟ್ಟು ಬಂದಿದ್ದ.

ಹೋರಿ ಬಿಡುವ ತುದಿಯಲ್ಲಿ ಯಾರೋ ಒಂದು ಪಟಾಕಿ ಸರ ಹಚ್ಚಿದರು. ಹಬ್ಬದಲ್ಲಿ ಪಟಾಕಿಗೆ ಯಾರು ತಿರುಗಿ ನೋಡುತ್ತಾರೆ? ನಾವೂ ನೋಡಲಿಲ್ಲ.

ಕೊನೆಗೆ ಕಮಿಟಿಯ ಹಿರಿಯರು ಸಾಕಾಗಿ, ಅರ್ಧ ಹರಿದದ್ದು ಅರ್ಧ ಬಿದ್ದದ್ದು ಎಂಬಂಥ ಏನೋ ತೀರ್ಪು ಕೊಟ್ಟರು. ಜನ ಮತ್ತೆ ಬಿದಿರಿನ ಕಡೆ ಹೊರಟರು. ನಾನು ಖಾಲಿ ಜಾಗಕ್ಕೆ ಕ್ಯಾಸೆಟ್ಟು ತಂದು, ಕ್ಯಾಮೆರಾ ಹೆಗಲಿಗಿಟ್ಟು ತಯಾರಾದೆ.

"ಈಗ ಬರಲಿ ನಮ್ಮದು," ಎಂದು ಮಾವ ಮೀಸೆ ತಿರುವಿದ.

ಬರಲಿಲ್ಲ. ಆ ತುದಿಯಿಂದ ಅವನ ತಮ್ಮ ಒಬ್ಬನೇ ಏದುತ್ತ ಓಡಿ ಬಂದ. ಕೈಯಲ್ಲಿ ತುಂಡು ಹಗ್ಗ.

"ಅಣ್ಣ, ಪಟಾಕಿಗೆ ಬೆದರಿ ಹರಕೊಂಡು ಬಂತು. ವಿಡಿಯೋದಾಗ ಬರೋಬ್ಬರಿ ಹಿಡದ್ರೇನು?"

"ಏನು ಬಂತು?"

"ಹೋರಿ."

"ಎಲ್ಲಿ?"

ಎಲ್ಲರೂ ಇನ್ನೊಂದು ತುದಿಗೆ ತಿರುಗಿದೆವು. ಓಣಿ ಮುಗಿದಲ್ಲಿ ಒಂದು ಚಕ್ಕಡಿ ನಿಂತಿತ್ತು. ಅದರ ಮೇಲಿನ ಮೇವನ್ನು ಕರಿ ಹೋರಿ ನೆಮ್ಮದಿಯಾಗಿ ತಿನ್ನುತ್ತಿತ್ತು. ಹಾರದಲ್ಲಿ ಒಂದು ಬಟ್ಟಲೂ ಕಡಿಮೆಯಾಗಿರಲಿಲ್ಲ. ಒಂದು ಬಲೂನೂ ಒಡೆದಿರಲಿಲ್ಲ.

"ಇದು ಯಾವಾಗ ಬಂತು?" ಎಂದ ಮಾವ. ತನ್ನ ಹೋರಿಯ ಬಗ್ಗೆ ಅವನೇ ಆ ಪ್ರಶ್ನೆ ಕೇಳಿದ.

ಕಮಿಟಿಯವರು ಸೇರಿದರು. ಕೊಬ್ಬರಿ ಪೂರಾ ಇದೆ, ಓಣಿ ದಾಟಿದೆ, ಹಾಗಾದರೆ ಪಾರಾದಂತೆಯೇ ಎಂದು ಒಬ್ಬ. ಹಿಡಿಯಲು ಓಣಿಯಲ್ಲಿ ಯಾರಿದ್ದರು ಎಂದು ಇನ್ನೊಬ್ಬ.

ಬಿಳಿ ಹೋರಿಯವನು ಸೊಂಟದ ಮೇಲೆ ಕೈಯಿಟ್ಟುಕೊಂಡ. "ಖಾಲಿ ಓಣ್ಯಾಗ ನಮ್ಮ ಎಮ್ಮಿನೂ ಗೆಲ್ಲತೈತಿ. ತರಲೇನ?"

"ಅದಕ್ಯಾಕ ಜಗಳಾಡ್ತೀರಿ," ಎಂದರು ಹಿರಿಯರು. "ವಿಡಿಯೋ ಐತಲ್ಲ. ಹಾಕೋ ತಮ್ಮಾ."

ಎಲ್ಲರೂ ನನ್ನ ಕಡೆ ನೋಡಿದರು.

"ಏನ ಹಾಕಲಿ?" ಎಂದೆ. "ಇದು ತುಂಬೂ ಮುಂದ ತೋರಸೂದಿಲ್ಲ, ತೋರಸೂ ಮುಂದ ತುಂಬೂದಿಲ್ಲ. ಅದು ಬಂದಾಗ ನೀವೆಲ್ಲಾ ಇನ್ನೊಮ್ಮೆ ಹಾಕು, ಇನ್ನೊಮ್ಮೆ ಹಾಕು ಅನ್ನಾಕತ್ತಿದ್ರಿ."

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಮೆಲ್ಲಗೆ ಕೇಳಿದ.

"ಆ ರಾಣೆಬೆನ್ನೂರಂದು ಇದ್ದಿದ್ರ?"

"ಅದಕ್ಕ ತೋರಸಾಕ ಬರತಿದ್ದಿಲ್ಲ. ತುಂಬಕೋಂತ ನಿಂತಿರತಿದ್ದೆ."

ಸಮಾಧಾನಕ್ಕಾದರೂ ಸುಳ್ಳು ಹೇಳಬಹುದಿತ್ತು. ನನಗೆ ಅದೆಲ್ಲ ಬರುವುದಿಲ್ಲ.

ಅವನು ಕೂಡಲೇ ಹೋರಿಯ ಕಡೆ ನಡೆದ. "ಇನ್ನೊಮ್ಮೆ ಬಿಡೂಣು. ಈಗ ಎಲ್ಲಾರೂ ನಿಂದ್ರಿ. ಯಾವನ ಕೈಗೆ ಸಿಗತೈತಿ ನೋಡತೀನಿ."

ಅಷ್ಟರಲ್ಲಿ ಅಕ್ಕ ಟ್ರೇಲರಿನಿಂದ ಇಳಿದು ಬಂದಿದ್ದಳು. ಹೋರಿಯ ಮುಂದೆ ನಿಂತಳು. ಅಷ್ಟು ಗಂಡಸರ ನಡುವೆ ಅವಳು ಸೆರಗನ್ನೂ ಸರಿಮಾಡಿಕೊಳ್ಳಲಿಲ್ಲ.

"ಮೊಣಕಾಲ ಮುಟ್ಟಿ ನೋಡ್ರಿ."

ಮಾವ ಮುಟ್ಟಿದ. ಬಿಸಿಯಾಗಿತ್ತು, ಬೆಳಿಗ್ಗೆಗಿಂತ ದಪ್ಪವಾಗಿತ್ತು.

"ಗೆದ್ದೈತಿ ಅಂತ ಅನ್ನಾಕತ್ತಾರ. ತಗೊಂಡು ಸುಮ್ಮನ ನಡೀರಿ ಮನೀಗೆ."

ಕಮಿಟಿಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಮಾವ ಅದನ್ನು ಎಡಗೈಯಲ್ಲಿ ತೆಗೆದುಕೊಂಡ.

ಟ್ರ್ಯಾಕ್ಟರು ರಾಣೆಬೆನ್ನೂರು ದಾಟಿತು. ಹೊತ್ತು ಇಳಿಯುತ್ತಿತ್ತು. ಮಾವ ಹೋರಿಗೆ ಒರಗಿ ಕುಳಿತಿದ್ದ. ಆಮೇಲೆ, ಯಾರಿಗೂ ಅಲ್ಲದ ಹಾಗೆ ಕೇಳಿದ.

"ನೀ ನೋಡಿದೇನು?"

"ಹೂಂ. ಹೆಣ್ಣುಮಕ್ಕಳೆಲ್ಲಾ ನೋಡಿದ್ವಿ. ಒದರಿದ್ವಿ. ನಿಮ್ಮ ಕಿವಿ ಟೀವ್ಯಾಗಿತ್ತು," ಎಂದಳು ಅಕ್ಕ.

"ಹೆಂಗ ಓಡಿತು?"

"ಓಡಲಿಲ್ಲ."

"ಏನಂದಿ?"

"ಪಟಾಕಿಗೆ ಬೆದರಿ ಎರಡು ಮಾರು ಜಿಗೀತು. ಆಮ್ಯಾಲೆ ಅತ್ಲಾಗ ನೋಡಿತು, ಇತ್ಲಾಗ ನೋಡಿತು, ಯಾರೂ ಇಲ್ಲ. ನಡಕೋಂತ ಬಂತು."

ಮಾವ ಮುಖ ಆ ಕಡೆ ತಿರುಗಿಸಿದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅವನು ಏನಾದರೂ ಬೈದನೋ ಕೇಳಿಸಲಿಲ್ಲ. ನನಗೆ ನಗು ಬಂದಿತ್ತು, ಆದರೆ ಆ ಟ್ರೇಲರಿನಿಂದ ನೂಕಿದರೆ ಊರು ದೂರವಿತ್ತು.

ಮರುದಿನ ಬೆಳಿಗ್ಗೆ ನಾನು ಹಾವೇರಿಗೆ ಹೊರಡಲು ಕ್ಯಾಮೆರಾವನ್ನು ರಗ್ಗಿನಲ್ಲಿ ಸುತ್ತುತ್ತಿದ್ದೆ. ಮಾವ ಬಂದು ಪಕ್ಕದಲ್ಲಿ ನಿಂತ. ರಾತ್ರಿ ಮಲಗಿದವನ ಮುಖ ಅದಾಗಿರಲಿಲ್ಲ.

"ಲೇ, ಅಕಿ ಹೇಳೂದನ್ನ ತುಂಬಾಕ ಬರತೈತೇನು?"

"ಯಾರು?"

"ನಿಮ್ಮಕ್ಕ. ನಮ್ಮ ಮನ್ಯಾಗ ನೋಡಿದಾಕಿ ಅಕಿ ಒಬ್ಬಾಕಿ. ಹೋರಿ ಮುಂದ ನಿಂದ್ರಿಸಿ ಹೇಳಸೂಣು."

ಅಕ್ಕ ಮೊದಲು, "ನನಗೇನ ಕೆಲಸಿಲ್ಲೇನ," ಎಂದಳು. ಆಮೇಲೆ ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ಹಿತ್ತಿಲಲ್ಲಿ ಗೂಟಕ್ಕೆ ಕಟ್ಟಿದ ಹೋರಿಯ ಮುಂದೆ ಅವಳನ್ನು ನಿಲ್ಲಿಸಿದೆ. ಹೋರಿಯ ಕಾಲಿಗೆ ಅರಿಶಿನದ ಲೇಪ ಹಾಕಿದ್ದರು. ಗುಂಡಿ ಒತ್ತಿದೆ.

"ಹೇಳು."

"ಏನ ಹೇಳೂದು? ಬ್ಯಾಡಗ್ಯಾಗ ನಿನ್ನೆ ಹೋರಿ ಬಿಟ್ಟಿದ್ರು. ಗಂಡಸರೆಲ್ಲಾ ಟೀವಿ ನೋಡಾಕ ಹೋಗಿದ್ರು. ನಮ್ಮದು ಬಂತು. ಏಳೆಂಟು ವರ್ಷ ಆತು, ಅದು ಆ ಓಣಿ ನೋಡೇ ಇರಲಿಲ್ಲ. ಬರೇ ಓಡಿತ್ತು. ನಿನ್ನೆ ನೋಡಕೋಂತ ಬಂತು. ನಮ್ಮ ಟ್ರೇಲರ ಹಂತ್ಯಾಕ ಬಂದು ನಿಂತಿತು. ನಾ ಬಾ ಅಂದೆ. ಬರಲಿಲ್ಲ. ಮುಂದ ಹೋತು. ಹಿಂಗ, ತಲಿ ಎತ್ತಿ, ನಮ್ಮ ಹೊಲದಿಂದ ಮನೀಗೆ ಬಂದಂಗ. ಯಾರೂ ಮುಟ್ಟಲಿಲ್ಲ. ಅಷ್ಟ. ಸಾಕೇನು?"

ಮಾವ ನನ್ನ ಹಿಂದೆ ನಿಂತಿದ್ದ. "ಓಡಿ ಬಂತು ಅನ್ನು," ಎಂದ. ಸ್ವರದಲ್ಲಿ ಜೋರಿರಲಿಲ್ಲ. "ಇನ್ನೊಮ್ಮೆ ಹೇಳು. ಮಂದಿ ಮ್ಯಾಲೆ ಬಿದ್ರು ಅನ್ನು."

"ಯಾವ ಮಂದಿ?"

"ಇಪ್ಪತ್ತು ಮಂದಿ ಅನ್ನು. ನಿಂದೇನ ಗಂಟು ಹೋಗತೈತಿ?"

ನಾನು ಕ್ಯಾಸೆಟ್ಟು ಹಿಂದೆ ಸುತ್ತಲಿಲ್ಲ, ಮುಂದಕ್ಕೇ ತುಂಬಿದೆ. ಅಕ್ಕ ಮುಖ ಬಿಗಿ ಮಾಡಿ ಮತ್ತೆ ಶುರುಮಾಡಿದಳು.

"ನಮ್ಮ ಹೋರಿ ಗಾಳಿಯಂಗ ಓಡಿ ಬಂತು. ಇಪ್ಪತ್ತು ಮಂದಿ..." ಅಲ್ಲಿಗೆ ತುಟಿ ನಡುಗಿತು. "ಇಪ್ಪತ್ತು ಮಂದಿ ಮ್ಯಾಲೆ..." ಸೆರಗು ಬಾಯಿಗೆ ಹೋಯಿತು. ಅವಳ ಹಿಂದೆ ಹೋರಿ ಬಾಲ ಎತ್ತಿ ಧಪ್ಪನೆ ಸಗಣಿ ಹಾಕಿತು. ಅಕ್ಕ ಅಲ್ಲೇ ಕುಕ್ಕರಿಸಿ ಕುಳಿತು ನಗತೊಡಗಿದಳು. ನನ್ನ ಹೆಗಲು ಕುಲುಕಿ ಚಿತ್ರವೂ ಕುಲುಕಿತು.

ಮಾವ ನಗಲಿಲ್ಲ. "ತೋರಸು," ಎಂದ.

ಮನೆಯಲ್ಲಿ ಟಿವಿ ಇರಲಿಲ್ಲ. ಕ್ಯಾಮೆರಾವನ್ನು ಅವನ ಹೆಗಲ ಮೇಲಿಟ್ಟೆ, ಕೊಳವೆಗೆ ಕಣ್ಣಿಟ್ಟ. ಸುರುವಿನಿಂದ ಹಾಕಿದೆ. ಮೊದಲನೆಯದನ್ನು ನೋಡುವಾಗ ಅವನ ಬಾಯಿ ಸ್ವಲ್ಪ ತೆರೆದಿತ್ತು. ಅಕ್ಕ "ತಲಿ ಎತ್ತಿ" ಎನ್ನುವಲ್ಲಿ ಅವನ ತಲೆಯೂ ಒಂದಿಷ್ಟು ಮೇಲೆ ಎದ್ದಿತು. ಎರಡನೆಯದು ಬಂದಾಗ ಉಸಿರು ಬಿಟ್ಟ.

"ಎರಡನೇದು ಅಳಸಲೇನು?" ಎಂದೆ.

"ಬ್ಯಾಡ."

"ಮೊದಲನೇದು?"

ಅವನು ಕೊಳವೆಯಿಂದ ಕಣ್ಣು ತೆಗೆದು ಹಿತ್ತಿಲಿನ ಕಡೆ ನೋಡಿದ. ಹೋರಿ ಮಲಗಿ ಮೆಲುಕು ಹಾಕುತ್ತಿತ್ತು. ಅಕ್ಕ ಬುಟ್ಟಿ ತಂದು ಸಗಣಿ ಬಳಿಯುತ್ತಿದ್ದಳು, ಇನ್ನೂ ಒಬ್ಬಳೇ ನಗುತ್ತಿದ್ದಳು, ಹೊಸ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು.

"ಅದನ್ನ ಬ್ಯಾಡಗಿಯವರಿಗೆ ತೋರಸಬ್ಯಾಡ," ಎಂದ ಮಾವ. "ಕ್ಯಾಸೆಟ್ ನನಗ ಕೊಡು. ನಿನಗ ಬ್ಯಾರೇದು ಕೊಡಸತೀನಿ."